ಒಂದು ಡಬ್ಬಿ ಬಿಳಿ

ಕಚೇರಿಯ ಚೀಟಿಯಲ್ಲಿ ಇದ್ದದ್ದು ಇಷ್ಟೇ:
ಮೂರನೇ ಮಹಡಿ, ಬಲಗಡೆ ಬಾಗಿಲು, ಹಿಂದಿನ ಕೋಣೆ.
ಬೂಷ್ಟು. ಒಂದು ಡಬ್ಬಿ ಬಿಳಿ. ಎರಡು ಗಂಟೆ.

ಗ್ಲಾಸ್ಗೋದ ಡಿಸೆಂಬರು. ಬೆಳಗಿನ ಒಂಬತ್ತಕ್ಕೂ
ಬೀದಿದೀಪಗಳಿಗೆ ಆರುವ ಧೈರ್ಯವಿಲ್ಲ.
ಏಣಿ ಹೆಗಲಿಗೆ, ಬ್ರಷ್ಷು ಕಂಕುಳಿಗೆ,
ಎಪ್ಪತ್ತೆರಡು ಮೆಟ್ಟಿಲು.
ಎಣಿಸುವುದು ನನ್ನ ಚಾಳಿ.

ಬಾಗಿಲು ತೆರೆದವಳು ಸೆಂಗಾ,
ಮನೆಯೊಳಗೂ ಕೋಟು ತೊಟ್ಟೇ ಇದ್ದಳು.
"ಬಂದೆಯಾ? ಹೋದ ವರ್ಷವೂ ಒಬ್ಬ ಬಂದಿದ್ದ.
ಶಿಳ್ಳೆ ಚೆನ್ನಾಗಿ ಹಾಕುತ್ತಿದ್ದ."

ಗೋಡೆ ನೋಡಿದೆ.
ಕಿಟಕಿಯ ಮೂಲೆಯಿಂದ ಹೊರಟು
ಬೀರುವಿನ ಬೆನ್ನ ಹಿಂದೆ ನುಸುಳಿ
ಮಗುವಿನ ತೊಟ್ಟಿಲ ಎತ್ತರಕ್ಕೆ ಇಳಿದಿತ್ತು.
ಮೊದಮೊದಲು ಕರಿಮೆಣಸು ಕುಟ್ಟಿ ಎರಚಿದ ಹಾಗೆ,
ಆಮೇಲೆ ತುಪ್ಪಳ.
ಹಪ್ಪಳದಂತೆ ಉಬ್ಬಿದ ಬಣ್ಣ ಉಗುರು ತಾಗಿದರೆ ಉದುರಿತು.
ಕೆಳಗೆ ಹೋದ ವರ್ಷದ ಬಿಳಿ,
ಅದರ ಕೆಳಗೆ ಆಚೆ ವರ್ಷದ್ದು,
ಪ್ರತಿ ಎರಡು ಬಿಳಿಯ ನಡುವೆ ಒಂದು ಕಪ್ಪು.
ನಮ್ಮ ಕಚೇರಿಯ ದಿನಚರಿಯನ್ನು
ಗೋಡೆಯೇ ಬರೆದಿಟ್ಟಿತ್ತು.

ಫ್ರಿಜ್ಜಿನ ಬಾಗಿಲಿಂದ ಕಾಗದವೊಂದನ್ನು ಕಿತ್ತು
ಕನ್ನಡಕ ಮೂಗಿಗಿಳಿಸಿ ಓದಿದಳು:
ತೇವಕ್ಕೆ ಕಾರಣ ನಿವಾಸಿಗಳು ಬಾಳುವ ರೀತಿ.
ಪಾತ್ರೆಗೆ ಮುಚ್ಚಳ ಹಾಕಿರಿ. ಒಳಗೆ ಬಟ್ಟೆ ಒಣಗಿಸದಿರಿ.
ಕಿಟಕಿ ತೆರೆದಿಡಿ. ಕೋಣೆ ಬೆಚ್ಚಗಿಡಿ.
ಒಬ್ಬೊಬ್ಬರ ಉಸಿರಿನಿಂದ ರಾತ್ರಿಗೊಂದು ಲೋಟ ನೀರು.

ಮಡಚಿದಳು, ನಾಲ್ಕು ಮಡಿಕೆ.
"ಮುಚ್ಚಳ ಹಾಕಿದ್ದೇನೆ. ಬಟ್ಟೆ ಲಾಂಡ್ರಿಗೆ ಹೊರುತ್ತೇನೆ,
ಈ ಮಂಡಿಯಲ್ಲಿ.
ಕಿಟಕಿ ತೆರೆದರೆ ಗ್ಯಾಸ್ ಮೀಟರಿಗೆ ತುಂಬಿದ ದುಡ್ಡು
ನೇರ ಕ್ಲೈಡ್ ನದಿಗೆ ಹಾರುತ್ತದೆ.
ಬೆಚ್ಚಗಿರುವುದು ಇದೊಂದೇ ಕೋಣೆ. ನಾಲ್ಕು ಜನ, ನಾಲ್ಕು ಲೋಟ.
ಯಾರಿಗೆ ಹೇಳಲಿ, ಉಸಿರಾಡಬೇಡ ಅಂತ?"

ತೊಟ್ಟಿಲಲ್ಲಿ ಮಿರೆನ್ ಕೆಮ್ಮಿತು.
ಸರದಿ ತನ್ನದು ಅಂದುಕೊಂಡಿತೋ ಏನೋ.

ಡಬ್ಬಿಯ ಬಾಯಿಗೆ ಹಾಕಿದ ಸ್ಕ್ರೂಡ್ರೈವರ್ ತೆಗೆದೆ.
ಒಳಗೆ ಹುಳುಕು, ಮೇಲೆ ಥಳುಕು:
ಇಪ್ಪತ್ತು ವರ್ಷ ಸಂಬಳ ಎಣಿಸಿದ್ದು ಈ ವಿದ್ಯೆಗೇ.
ಬೀರು ಎಳೆದು ಗೋಡೆಗೂ ಅದಕ್ಕೂ ಗೇಣು ಬಿಟ್ಟೆ.
ಅಂಗೈ ಒತ್ತಿದೆ.
ಉಸಿರಿನ ತೇವ ಮೇಲ್ಮೈಯಲ್ಲಿ ನಿಲ್ಲುತ್ತದೆ, ಒರೆಸಿದರೆ ಹೋಗುತ್ತದೆ.
ಇದು ಮೂಳೆಯೊಳಗಿನ ತಣ್ಣಗೆ,
ಆಚೆಯಿಂದ ಬಂದದ್ದು.

ಅರ್ಧ ಮೈ ಕಿಟಕಿಯಾಚೆ ಚಾಚಿ ಮೇಲೆ ನೋಡಿದೆ.
ಸೆಂಗಾ ನನ್ನ ಬೆಲ್ಟು ಹಿಡಿದು ನಿಂತಳು,
"ಬಿದ್ದರೆ ಇನ್ನೊಬ್ಬನಿಗೆ ಮತ್ತೆ ಒಂದು ವರ್ಷ ಕಾಯಬೇಕು."
ಸೂರಿನ ದಂಬೆ ತುಂಬಿ ತುಳುಕಿ
ಕೊಳವೆಗಿಳಿಯದ ನೀರು ಕಲ್ಲಿನ ಮೈಮೇಲೇ ಇಳಿಯುತ್ತಿತ್ತು.
ಸಂದಿಯಲ್ಲೊಂದು ಜರಿಗಿಡ, ಹಸಿರಾಗಿ, ಕ್ಷೇಮವಾಗಿ.

ಅಟ್ಟದ ಗವಾಕ್ಷಿಯಿಂದ ಕೈ ಹಾಕಿದೆ, ಭುಜದವರೆಗೂ.
ಪಾಚಿ. ಪಾರಿವಾಳದ ಗರಿ. ಕೊನೆಗೆ ಕೊಳವೆಯ ಬಾಯಲ್ಲಿ
ಗಂಟಲಗಡ್ಡೆಯಂತೆ ಒಂದು ಟೆನಿಸ್ ಚೆಂಡು.
ಕಿತ್ತೆ.
ಕೊಳವೆ ಗೊಟಗೊಟ ಕುಡಿಯಿತು,
ಎಷ್ಟು ವರ್ಷದ ಬಾಯಾರಿಕೆಯೋ.

ಜ್ವರವೆಂದು ಶಾಲೆ ತಪ್ಪಿಸಿದ್ದ ಲಾಕ್ಲನ್, ಏಳರ ಹುಡುಗ,
"ನನ್ನದಲ್ಲ" ಅಂದ, ಯಾರೂ ಕೇಳುವ ಮೊದಲೇ.
ತೊಳೆದು ಕೊಟ್ಟೆ.
ತೆಗೆದುಕೊಂಡ.

ಮಕ್ಕಳನ್ನು ಆಚೆ ಕಳಿಸಿ, ಬಾಯಿಗೆ ಮಾಸ್ಕು ಕಟ್ಟಿ,
ಒದ್ದೆ ಅರಿವೆಯಲ್ಲಿ ಗೋಡೆ ಉಜ್ಜಿದೆ.
ಒಣಗಿದ್ದನ್ನು ಕೆರೆದರೆ ಮನೆಯೆಲ್ಲ ಬಿತ್ತನೆ.
ಅರಿವೆಗಳನ್ನು ಚೀಲಕ್ಕೆ ಹಾಕಿ ಗಂಟು ಬಿಗಿದೆ.
ಬಣ್ಣ ಹಚ್ಚಲಿಲ್ಲ.

"ಬೇಸಿಗೆ ಬರಲಿ, ಕಲ್ಲು ನಿಧಾನಕ್ಕೆ ಒಣಗುತ್ತದೆ."
"ಅಷ್ಟರಲ್ಲಿ ಇದು ಮತ್ತೆ ಬಂದರೆ?"
ಬರಬಹುದು ಅಂದೆ.
ಸುಳ್ಳು ಹೇಳಲು ನನಗೆ ಬಿಳಿ ಬೇಕಿತ್ತು,
ಡಬ್ಬಿ ಇನ್ನೂ ತೆರೆದಿರಲಿಲ್ಲ.

ಚೀಟಿಯ ಕೊನೆಯಲ್ಲಿ ಎಂದೂ ತುಂಬದ ಒಂದು ಸಾಲು: ಕಾರಣ.
ಚೆಂಡು, ಎಂದು ಬರೆದೆ.
ಇಳಿಯುತ್ತ ಹದಿನಾಲ್ಕನೆಯ ಮೆಟ್ಟಿಲಲ್ಲಿ ನಿಂತು ಸೇರಿಸಿದೆ:
ಉಸಿರಲ್ಲ.

ಡಬ್ಬಿ ಅಲ್ಲೇ ಉಳಿಯಿತು.
ಬೀರು ಮತ್ತೆ ಗೋಡೆಗೆ ಒರಗದ ಹಾಗೆ
ನಡುವೆ ಇಟ್ಟುಕೊಂಡಿದ್ದಾಳಂತೆ.