ಸಹಿ

ಡಾಕ್ಟರು ತೀರಿಕೊಂಡು ಹನ್ನೊಂದು ತಿಂಗಳು.
ಅವರ ಸಹಿ ಮಾತ್ರ ವಾರಕ್ಕೊಮ್ಮೆ
ನನ್ನ ಗಾಜಿನ ಮೇಜಿಗೆ ಬರುತ್ತದೆ,
ಮಡಿಕೆ ಹರಿದಲ್ಲಿ ಟೇಪು ಅಂಟಿಸಿಕೊಂಡು.
ತಾರೀಕಿನ ಮೂರು ಎಂಟಾಗಿತ್ತು.
ಎಂಟು ಈಗ ಯಾವ ಅಂಕಿಯೂ ಅಲ್ಲ,
ನೀಲಿ ಇಂಕಿನ ಒಂದು ಗಂಟು.

‘ಹತ್ತು ದಿನಕ್ಕೆ’ ಅಂತ ಬರೆದಿದ್ದಾರೆ.
ದುಂಡಗಿನ ಅಕ್ಷರ. ಅವಸರವಿಲ್ಲದ ಮನುಷ್ಯ.

ಷಡಕ್ಷರಿ ಕೊಬ್ಬರಿ ಮಂಡಿಯ ಹಮಾಲಿ.
ಲಾರಿಯಿಂದ ಮೂಟೆ ಜಾರಿ, ಮೂಟೆಯ ಜೊತೆ ತಾನೂ ಜಾರಿ
ಸೊಂಟ ಹಿಡಿದುಕೊಂಡು ಬಂದ ದಿನ
ಸ್ಟೂಲು ಕೊಟ್ಟವಳು ನಾನೇ,
ನೀರು ಕೊಟ್ಟು ಮೊದಲ ಮಾತ್ರೆ ನುಂಗಿಸಿದವಳೂ ನಾನೇ.
ಅರ್ಧ ಗಂಟೆಗೆ ನಕ್ಕಿದ್ದ:
‘ನೋವು ಅಲ್ಲಿ ಹೋಗಿ ಕೂತದೆ ಕಣಕ್ಕ,
ಕಾಣ್ತದೆ. ಆದ್ರೆ ನಂದಲ್ಲ.’

ಎರಡು ನಾಲ್ಕಾಯಿತು. ನಾಲ್ಕು ಎಷ್ಟಾಯಿತೆಂದು
ನಾನು ಕೇಳಲಿಲ್ಲ.
ಸೊಂಟ ಎಂದೋ ವಾಸಿಯಾಗಿತ್ತು.
ಮಾತ್ರೆಯೇ ಈಗ ನೋಯುತ್ತಿತ್ತು.

‘ನಾವು ಕೊಡದಿದ್ರೆ ಎದುರಿನವನು ಕೊಡ್ತಾನೆ’
ಅನ್ನುತ್ತಾರೆ ಮಾಲೀಕರು.
ಎದುರಿನವನೂ ನಮ್ಮತ್ತ ಗದ್ದ ತಿರುಗಿಸಿ
ಅದನ್ನೇ ಅನ್ನುತ್ತಾನೆ.
ಅರಸೀಕೆರೆಯ ಸ್ಟೇಷನ್ ರಸ್ತೆ
ಇಬ್ಬರ ನಡುವೆ ಹಾಯಾಗಿ ಹರಿಯುತ್ತದೆ.

ಕೆಮ್ಮಿನ ಸಿರಪ್ಪಿಗೆ ಬರುವ ಹುಡುಗರು
ಯಾರೂ ಕೆಮ್ಮುವುದಿಲ್ಲ.
ಅಜ್ಜಿಗೆ, ಅನ್ನುತ್ತಾರೆ. ನಾಲ್ಕು ಬಾಟಲಿ, ಅನ್ನುತ್ತಾರೆ.
ಎಷ್ಟೊಂದು ಅಜ್ಜಿಯರಪ್ಪಾ ಈ ಊರಲ್ಲಿ,
ಎಲ್ಲರಿಗೂ ಶನಿವಾರ ಸಂಜೆಯೇ ಕೆಮ್ಮು!
ಭಾನುವಾರ ಓವರ್‌ಬ್ರಿಡ್ಜಿನ ಕೆಳಗೆ ಬಾಟಲಿಗಳು,
ಒಂದರೊಳಗೆ ಇರುವೆಗಳ ಸಾಲು.
ನಿದ್ದೆ ಮಾತ್ರೆಯ ಹೆಡ್‌ಮೇಷ್ಟ್ರ ಹೆಂಡತಿ
ಬೇರೆ ಗಿರಾಕಿ ಹೋಗುವ ತನಕ
ಕೊಬ್ಬರಿ ಎಣ್ಣೆಯ ಬೆಲೆ ಓದುತ್ತ ನಿಲ್ಲುತ್ತಾರೆ.

ಪೇಪರಿನಲ್ಲಿ ಗಾಂಜಾ ಹಿಡಿದ ಪೊಲೀಸರ ಫೋಟೋ,
ಮುಂದೆ ಪೊಟ್ಟಣಗಳು, ಮುಖ ಮುಚ್ಚಿಕೊಂಡ ಇಬ್ಬರು.
ಸದ್ಯ, ಅಂದುಕೊಂಡು
ಆ ಹಾಳೆಯಲ್ಲೇ ಮಾತ್ರೆ ಸುತ್ತಿ ಕೊಟ್ಟೆ.
ಯಾರಿಗೆ ಅಂತ ನೆನಪಿಲ್ಲ.

ಇವತ್ತು ಚೀಟಿ ತಂದವಳು ಅವನ ಮಗಳು.
ಯೂನಿಫಾರ್ಮು, ಎರಡು ಜಡೆ, ಒಂದಕ್ಕೆ ರಿಬ್ಬನ್ನಿಲ್ಲ.
‘ನಿನ್ನ ಹೆಸರೇನಮ್ಮ?’
‘ಲಿಖಿತ.’
ಮುಷ್ಟಿ ಬಿಚ್ಚಿ ಚಿಲ್ಲರೆ ಸುರಿದಳು. ಬೆಚ್ಚಗಿತ್ತು.
‘ಅಪ್ಪಂಗೆ ಮೈಯೆಲ್ಲ ನಡುಗ್ತದೆ.
ಚಾಪೆ ಮೇಲೆ ಕಾಲು ಒದರ್ತಾ ಬಿದ್ದವ್ರೆ.
ನಾನೇ ಬಂದ್ರೆ ಅಕ್ಕ ಇಲ್ಲ ಅನ್ನಲ್ಲ, ಅಂದ್ರು.’

ಅವನಿಗೆ ನನ್ನ ಗುರುತು ಚೆನ್ನಾಗಿಯೇ ಸಿಕ್ಕಿದೆ.

ಚೀಟಿ ತಿರುಗಿಸಿದೆ. ಡಾಕ್ಟರ ಅಕ್ಷರದ ಬೆನ್ನಿಗೆ
ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ:
ಮಂಗಳವಾರ, ಹಾಸನ ದೊಡ್ಡಾಸ್ಪತ್ರೆ, ಬೆಳಗಿನ ರೈಲು,
ನಾನೂ ಬರುತ್ತೇನೆ.
ಕೆಳಗೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ
ಔಷಧಿ ಚೀಟಿಯ ಮೇಲೆ ನನ್ನ ಸಹಿ.

ಮಗು ಪಾಠದ ಹಾಗೆ ಜೋರಾಗಿ ಓದಿತು,
ಮಾಲೀಕರಿಗೂ ಕೇಳುವಂತೆ.
ಬೆರಳು ಮಡಚಿ ದಿನ ಎಣಿಸಿತು:
ಶುಕ್ರ, ಶನಿ, ಭಾನು, ಸೋಮ.

‘ಸರಿ ಅಕ್ಕ. ಇವತ್ತು ರಾತ್ರಿಗೆ?’

ನಾನು ಚಿಲ್ಲರೆ ಎಣಿಸತೊಡಗಿದೆ.
ಸರಿಯಾಗಿತ್ತು.
ಮತ್ತೆ ಎಣಿಸಿದೆ.