ಹತ್ತು ಅಂಕದ ಪ್ರಶ್ನೆ

ಮೇ ತಿಂಗಳು. ಕಲಬುರಗಿಯ ಮೌಲ್ಯಮಾಪನ ಕೇಂದ್ರ.
ಎರಡು ಕೂಲರು: ಒಂದರಲ್ಲಿ ನೀರಿಲ್ಲ, ಇನ್ನೊಂದು
ಮುಖ್ಯಸ್ಥರ ಮೇಜಿನ ಕಡೆಗೇ ಮುಖ ಮಾಡಿ ನಿಂತಿದೆ.
ನನ್ನ ಪಾಲಿಗೆ ಕೆಂಪು ಪೆನ್ನು, ನಲವತ್ತು ಪತ್ರಿಕೆ,
ಮೊಣಕೈ ಬೆವರಿಗೆ ಅಂಟಿಕೊಳ್ಳುವ ಹಾಳೆ.

ಪ್ರಶ್ನೆ ಏಳು: ಪಾತ್ರಗಳ ಮೂಲಕ
ಕಾದಂಬರಿಯ ಆಶಯವನ್ನು ವಿವರಿಸಿ.

ಗೊತ್ತಿರುವ ಕತೆ. ರಾವಪ್ಪ ದೇಸಾಯಿ
ಒಂದು ಬಾವಿಗಾಗಿ ಇಪ್ಪತ್ತೆರಡು ವರ್ಷ
ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುತ್ತಾನೆ.
ಹೊಲ ಹೋಗುತ್ತದೆ, ತಮ್ಮ ಮಾತು ಬಿಡುತ್ತಾನೆ.
ತೀರ್ಪಿನ ದಿನ ಬಾವಿ ಅವನದು,
ಹಗ್ಗ ಹಿಡಿದು ಸೇದಲು ಮನೆಯಲ್ಲಿ ಯಾರೂ ಇಲ್ಲ.

ದೇಸಾಯಿ ಎಂದರೆ ಹಟ, ಸೊಸೆ ಸುಂದ್ರವ್ವ ತಾಳ್ಮೆ,
ತಮ್ಮ ಮುರಿದ ಮನೆ, ವಕೀಲ ಕಾಲದ ಕ್ರೌರ್ಯ:
ತಲೆಗೆ ಎರಡೆರಡು ಅಂಕ, ಉಪಸಂಹಾರಕ್ಕೆ ಎರಡು.
ಹೀಗೆ ಹಂಚಿದವಳು ನಾನೇ,
ಹನ್ನೊಂದು ವರ್ಷದ ಹಿಂದೆ, ಸೂಪರ್ ಮಾರ್ಕೆಟ್ಟಿನ
ಅಂಗಡಿಯವನು ಎಣಿಸಿ ಕೊಟ್ಟ ಮೂರು ಸಾವಿರಕ್ಕೆ
ಬರೆದ ಗೈಡಿನಲ್ಲಿ.

'ಪಾತ್ರವೆಂದರೆ ಆಶಯ ತುಂಬಿದ ಪಾತ್ರೆ'
ಎಂಬ ನನ್ನ ಸಾಲು ಆಳಂದದಿಂದ, ಸೇಡಂನಿಂದ, ಜೇವರ್ಗಿಯಿಂದ
ಹೊರಟು ಬಂದು ನನ್ನ ಮುಂದೆಯೇ ಕೈಕಟ್ಟಿ ನಿಲ್ಲುತ್ತದೆ.
ಒಬ್ಬ ಅವಸರದಲ್ಲಿ
ಪಾಯಸ ತುಂಬಿದ್ದಾನೆ.
ಅದಕ್ಕೂ ಆರು ಕೊಟ್ಟೆ.

ಮೂವತ್ತೊಂದನೆಯದು. ಹೆಸರಿಲ್ಲ, ಬರೀ ನಂಬರು.
ಅಕ್ಷರ ದಪ್ಪ, ಒತ್ತಿಗೆ ಹಾಳೆಯ ಬೆನ್ನು ಉಬ್ಬಿದೆ.

'ನಾ ಆ ನಾಲ್ಕು ಮಂದಿ ಬಗ್ಗೆ ಬರಿಯಂಗಿಲ್ರಿ.
ನೂರಾ ಹನ್ನೆರಡನೇ ಪುಟದಾಗ ಒಬ್ಬಾಕಿ ಬರ್ತಾಳ.
ದೇಸಾಯಿ ಕೋರ್ಟಿಗಿ ಹೊಂಟಾನ, ಬಾಯಿ ಒಣಗ್ಯಾದ.
ಗಾಡಿ ನಿಲ್ಲಿಸಿ ಬೊಗಸಿ ಒಡ್ತಾನ, ಆಕಿ ನೀರು ಹಾಕ್ತಾಳ.
ಮುಂದಿನ ಸಾಲಿಗಿ ಗಾಡಿ ಹೋಗ್ತದ.
ಬಾವಿ ಸಲುವಾಗಿ ಇಷ್ಟು ವರ್ಷ ಬಡಿದಾಡಿದವ
ಈ ನೀರು ಯಾವ ಬಾವಿದು ಅಂತ ಕೇಳಲಿಲ್ಲ.
ಎಷ್ಟು ದೂರದಿಂದ ತಂದಳು, ಆಕಿಗಿ ಅಲ್ಲಿ ಯಾರು ಸೇದಿ ಹಾಕಿದರು,
ಎಷ್ಟೊತ್ತು ನಿಂತಳು?
ಬರೆದವರೂ ಕೇಳಿಲ್ಲ.
ಬಾವಿ ಯಾರದು ಅಂತ ಮುನ್ನೂರು ಪುಟ ಅದ.
ಕೊಡ ಯಾರದು ಅಂತ ಒಂದು ಸಾಲಿಲ್ಲ.
ನಂಗ ಅದೇ ಆಶಯ ಅನಿಸ್ತದ.'

ಅಲ್ಲಿಗೆ ಮುಗಿದಿದೆ. ಉಪಸಂಹಾರವಿಲ್ಲ.

ಅಂಕದ ಚೌಕ ಖಾಲಿ ಬಿಟ್ಟು
ಪತ್ರಿಕೆಯನ್ನು ಕಟ್ಟಿನ ತಳಕ್ಕೆ ಸರಿಸಿದೆ.

ರಾತ್ರಿ ಬ್ರಹ್ಮಪುರದ ಮನೆ, ಕರೆಂಟಿಲ್ಲ.
ಮೊಬೈಲಿನ ಬೆಳಕಲ್ಲಿ ನೂರಾ ಹನ್ನೆರಡು ತೆಗೆದೆ.
ಇದ್ದಾಳೆ. ಒಂದೂವರೆ ಸಾಲು.
ಅವಳ ಮೇಲಿನ ಸಾಲಿಗೆ, 'ಬಿಸಿಲು ಸಾಕ್ಷಿಯಂತೆ ನಿಂತಿತ್ತು',
ಎಂದೋ ನಾನೆಳೆದ ಪೆನ್ಸಿಲ್ ಗೆರೆ,
ಅಂಚಿನಲ್ಲಿ ಮುದ್ದಾದ ಅಕ್ಷರ: ಉಪಮೆ, ಮುಖ್ಯ.
ಗೆರೆ ಅವಳ ತಲೆಗೆ ತಾಗುವಷ್ಟು ಹತ್ತಿರ ಬಂದು
ನಿಂತುಬಿಟ್ಟಿದೆ.

ಮರುದಿನ ಎಂಟು ಎಂದು ಬರೆದೆ.
ಮುಖ್ಯಸ್ಥರು ಕನ್ನಡಕ ಮೂಗಿಗಿಳಿಸಿ, 'ಸ್ಕೀಮಿನೊಳಗ
ಇಲ್ಲದಾಕಿಗಿ ಎಂಟೇನ್ರಿ?' ಎಂದರು.
'ಇದ್ದಾಳೆ ಸರ್, ಕಾದಂಬರಿಯಲ್ಲಿದ್ದಾಳೆ' ಅಂದೆ.
ಅವರು ಏನೂ ಅನ್ನದೆ ಹಸಿರು ಪೆನ್ನಿನಿಂದ
ಎಂಟನ್ನು ಐದು ಮಾಡಿದರು.
ನಾನೂ ಏನೂ ಅನ್ನಲಿಲ್ಲ. ಅದನ್ನಿಲ್ಲಿ ಬರೆದಿಡಬೇಕು.

ಹನ್ನೆರಡರ ಹೊತ್ತಿಗೆ ಸ್ಟೀಲಿನ ಜಗ್ಗು, ಒಂದು ಲೋಟ.
ಹನ್ನೊಂದು ಬೇಸಿಗೆಯಿಂದ ಇದೇ ಕೈ,
ಮಣಿಕಟ್ಟಿನ ಮೇಲೆ ಹಚ್ಚೆಯ ಚೇಳು.
ಕುಡಿದೆ. ಲೋಟ ಹಿಡಿದುಕೊಂಡೇ
'ನಿನ್ನ ಹೆಸರೇನವ್ವಾ?' ಅಂದೆ.

ಆಕೆ ಗಾಬರಿಯಿಂದ ಜಗ್ಗಿನೊಳಗೆ ಇಣುಕಿದಳು.
'ಯಾಕ್ರಿ ಮೇಡಮ್ಮೋರೆ,
ನೀರಾಗ ಏನರ ಬಿದ್ದದೇನ್ರಿ?'