ನಾಲ್ಕು ಬೆರಳು

"ಎಮ್ಮಿ ಏಳೂವಾಗ ಮೊದಲು ಹಿಂದಿನ ಕಾಲಲೇ ಏಳ್ತದ,
ಇದಕ್ಕ ಅಷ್ಟೂ ತಿಳೀವಲ್ದು ನೋಡ್ರಿ"
ಅಂದ್ಳು ಕಸ್ತೂರಬಾಯಿ, ಕೀಲಿ ಮೇಜಿನ ಮ್ಯಾಲ ಒಗದು.
ಬೀದರಿನ ಔರಾದ ರಸ್ತೆದಾಗ, ನಮ್ಮ ತಗಡಿನ ನೆರಳಿಗೆ
ಕುಂಡಿ ಇಳಿಸಿ ಕೂತಿತ್ತು ಅಕಿ ಪಿಕಪ್ಪು.
ಗಾಳಿಗಿರಣಿ ಕಂಪನಿಯವರು ಹರಾಜಿಗೆ ಬಿಟ್ಟದ್ದು,
ನಾಕೂ ಗಾಲಿ ಎಳೆಯೂವಂಥದ್ದು.
ಎಳೀತದ, ಖರೆ.
ಆದರ ಹನ್ನೆರಡು ಕ್ಯಾನು ಹಾಲು ಹೇರಿದರ
ಹಳ್ಳದ ಕಲ್ಲಿಗೆ ಹೊಟ್ಟಿ ತಾಗತದ,
ನಸುಕಿನಾಗ ದೀಪ ಹಾಕಿದರ ದಾರಿ ಬಿಟ್ಟು
ಬೇವಿನ ಮರದ ನೆತ್ತಿ ಕಾಣಿಸ್ತದ.
"ಗೂಗಿಗೋಳು ಬೈತಾವು ನನಗ."

ಮೈನೋದ್ದೀನ್ ಉಸ್ತಾದ ಗಾಡಿ ಬುಡಕ ಸರಿದು
ಪಾಟಾದ ಬೆನ್ನ ಮ್ಯಾಲ ಬೆರಳಾಡಿಸಿದ.
ಒಂದೊಂದು ಕಡೆ ಏಳು ಪಾಟಾ. ಎಡಕಿನ ಮೂರನೇದು ಸೀಳ್ಯದ.
ಉಳಿದವು ಹೊತ್ತ ಭಾರ ಮರೀಲಾರದ
ಖಾಲಿ ಇದ್ದಾಗೂ ಚಪ್ಪಟಿ ಮಲಗ್ಯಾವ.
"ಬ್ಲಾಕು ಇಟ್ಟು ಎತ್ತಲೇನ್ರಿ?" ಅಂದೆ.
"ಪ್ರಭುದಾಸ, ಗೂನಿದ್ದವನಿಗಿ ಎತ್ತರದ ಚಪ್ಪಲಿ ಹಾಕಿದರ
ಬೆನ್ನು ನೆಟ್ಟಗಾಗತದೇನಲೇ?"

ಯೂ ಬೋಲ್ಟಿಗೆ ರಾತ್ರಿಯಿಡೀ ಡೀಸೆಲ್ ಕುಡಿಸಿದೆ.
ಮುಂಜಾನೆ ಪಾನಾಕ್ಕ ಪೈಪು ಹಾಕಿ ಜೋತುಬಿದ್ದರ
ನಟ್ಟು ಒಂದ್ಸಲ ಕಿರುಚಿ ಬಿಟ್ಟುಕೊಟ್ತು.
ಸೆಂಟರ್ ಬೋಲ್ಟ್ ಕಿತ್ತಿದ್ದೇ ತಡ
ಪಾಟಾ ಪಾಟಾ ಬ್ಯಾರೆ ಆದವು,
ಸಂದಿನಾಗ ಎರೆಮಣ್ಣು, ತುಕ್ಕು,
ಮತ್ತ ಹಳೀ ಮಸರಿನ ವಾಸನಿ.
ಎಷ್ಟು ವರ್ಷ ಸೋರಿದ ಹಾಲೋ.

ಬೆಂಕಿಗಿಡದ, ತಣ್ಣಗಿನ ಕಬ್ಬಿಣಕ್ಕೇ ಬಡೀತಾನ ಉಸ್ತಾದ,
ಬೆರಳಿಗೊಂದು ಪೆಟ್ಟು, ಸಾಲಾಗಿ,
ಮೀನಿನ ಮೈಯಂಗ ಕಲಿ ಬೀಳತನ.
ಒಂದು ಕಣ್ಣು ಮುಚ್ಚಿ ಗ್ವಾಡಿಗೆ ಹಿಡದು ನೋಡ್ತಾನ,
ಮತ್ತ ಬಡೀತಾನ.
"ಊರಾಗಿನ ಕಮಾನು ಕಲ್ಲಿಂದು,
ಬುಡಕ ಯಾರು ಹಾದರೂ ಅಲುಗಂಗಿಲ್ಲ, ಅದಕ್ಕ ಮರ್ಯಾದಿ.
ನಮ್ಮ ಕಮಾನು ಅಲುಗಬೇಕು, ಅದಕ್ಕ ಪಗಾರ."

ಸಂಜೀಕ ಗಾಡಿ ನಾಲ್ಕು ಬೆರಳು ಎದ್ದಿತ್ತು.
ಬ್ರೇಕಿನ ಪೈಪು ಸಾಲದಾಗಿ ಉದ್ದನ್ನದು ಹಾಕಿದ್ವಿ,
ಶಾಫ್ಟಿನ ಓರೆಗೆ ಬೆಣಿ ಕೊಟ್ವಿ,
ನೆಲಾ ನೋಡಲಾಕ ಹತ್ತಿದ ದೀಪಾನ
ಸ್ಕ್ರೂ ತಿರುವಿ ತುಸು ಮ್ಯಾಲ ಮಾಡಿದೆ.
ಎಡಕ ಅಳದ್ವಿ, ಬಲಕ ಅಳದ್ವಿ. ಕೂದಲಿನಷ್ಟೂ ಫರಕಿಲ್ಲ.

ಕಸ್ತೂರಬಾಯಿ ಬಂದ್ಳು. ಸುತ್ತ ನೋಡಿ ನಕ್ಕಳು.
ನೀರು ತುಂಬಿದ ಕ್ಯಾನೊಂದು ತರಿಸಿ
ಮೊಣಕಾಲಿಗಿಟ್ಟು, ನಡಕ್ಕೇರಿಸಿ,
ದಿನಾ ತೂಗಿದಂಗ ತೂಗಿದ್ಳು.
ಹಲಗಿ ಅಕಿ ಎದಿಗಿತ್ತು.
ಕ್ಯಾನು ತಗಡಿಗೆ ಬಡದು ವಾಪಸ್ ಬಂತು.
ಯಾರೂ ಮಾತಾಡಲಿಲ್ಲ.
"ಭಾರ ಬಿದ್ದಂಗ ಇದು ಇಳೀತದ, ಕಡೀ ಕ್ಯಾನು ಸಲೀಸು.
ಮೊದಲಿಂದು ಎತ್ತೋರು ಯಾರ್ರೀ ಉಸ್ತಾದ?
ಗಾಡಿ ಅಳದ್ರಿ, ನನ್ನ ಅಳೀಲಿಲ್ಲ."

ಮೆಟ್ಟಲು ಮಾಡಿಕೊಡ್ತೀನಿ ಅಂದೆ.
ಕೆಸರಿನ ಕಾಲು ಜಾರತದ, ಬ್ಯಾಡ ಅಂದ್ಳು.
ಉಸ್ತಾದ ಬೀಡಿ ಆರಿಸಿ ಖಡು ತಗೊಂಡು
ಅಕಿ ನಡದ ಎತ್ತರಕ್ಕ ಹಲಗಿ ಮ್ಯಾಲ ಗೆರಿ ಎಳದ.
ಆಮ್ಯಾಲ ಮತ್ತ ಬುಡಕ ಸರಿದು, ಬಾಳ ಹೊತ್ತು ಸುಮ್ಮನಿದ್ದು,
ಅಲ್ಲಿಂದಲೇ ನಗಲಾಕ ಹತ್ತಿದ:
ಇಷ್ಟು ದಿನ ಕಲ್ಲಿಗೆ ತಾಗಿದ್ದು ಗಾಡಿ ಅಲ್ಲ,
ಬುಡಕ ಜೋತಾಡೋ ಸ್ಟೆಪ್ನಿ!

ಸ್ಟೆಪ್ನಿ ಕ್ಯಾಬಿನ್ನಿನ ಬೆನ್ನಿಗೆ ಹತ್ತಿಸಿದ್ವಿ.
ಎರಡು ಬೆರಳು ಇಳಿಸಿದ್ವಿ.
ಬೆಣಿ, ದೀಪ, ಎಲ್ಲಾ ಮತ್ತ ಮೊದಲಿಂದ.
ಊಟ ಅಲ್ಲೇ ಆರಿತು.

ನಸುಕಿನಾಗ ನಾನೂ ಸಂಗಾಟ ಹೋದೆ.
ಮೊದಲ ಕ್ಯಾನು ಎತ್ತೂವಾಗ ಅಕಿ ನನ್ನ ಕಡೆ ನೋಡಲಿಲ್ಲ,
ನೋಡೂವಂಥದ್ದೇನೂ ಆಗಲಿಲ್ಲ.
ಹಳ್ಳದಾಗ ನಾ ಉಸಿರು ಹಿಡದು ಕೂತೆ.
ನೀರು ಸರೀತು, ಕಲ್ಲು ಸುಮ್ಮನಿತ್ತು,
ದೀಪದಾಗ ದಾರಿ ಅಷ್ಟೇ ಇತ್ತು.
ಹಿಂದ ಒಂದು ಕ್ಯಾನಿನ ಮುಚ್ಚಳ ಮಾತ್ರ
ಊರು ಬರೂ ತನಕ ಟಣ್ ಟಣ್ ಅಂತಿತ್ತು.
ಅದು ನಮ್ಮ ಕೆಲಸ ಅಲ್ಲ.